ಯಂತ್ರದ ಮಾತು, ಮಿತ್ರನ ಮನಸ್ಸು

ಪ್ರತಿವರ್ಷವೂ ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ಆರೋಗ್ಯವನ್ನು ಕುರಿತ ಲೇಖನಗಳು ಪ್ರಕಟವಾಗುತ್ತವೆ. ಮಧುಮೇಹ, ರಕ್ತದೊತ್ತಡ, ಹೃದ್ರೋಗ ಮುಂತಾದವುಗಳ ಬಗ್ಗೆ ನಮ್ಮ ವೈದ್ಯಬಂಧುಗಳು ಬರೆದುದನ್ನು ಓದಿ ನಾವೆಲ್ಲ ಪ್ರಯೋಜನ ಪಡೆದಿದ್ದೇವೆ. ಈ ಸಲ ಸಂಪಾದಕರು ನನ್ನಿಂದಲೂ ಒಂದು ಲೇಖನವನ್ನು ಅಪೇಕ್ಷಿಸಿದಾಗ ನಾನು ಹಿಂಜರಿದೆನು. ನಾನು ವೈದ್ಯನಲ್ಲ, ವಾಣಿಜ್ಯ ಪದವಿಯನ್ನು ಪಡೆದು ಇಪ್ಪತ್ತನಾಲ್ಕು ವರ್ಷಗಳಿಂದ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಬಾಳುತ್ತಿರುವವನು. ಆದರೆ 2025ರಲ್ಲಿ ನನ್ನ ಆಪ್ತಮಿತ್ರನೊಬ್ಬನಿಗೆ ಒದಗಿದ ಮನೋವ್ಯಾಧಿಯನ್ನು ಹತ್ತಿರದಿಂದ ಕಂಡೆನು. ಆಗ ನಾನು ಮಾಡಿದ ತಪ್ಪುಗಳಿಂದ ಕಲಿತದ್ದು ಇನ್ನೊಬ್ಬರಿಗೆ ಉಪಯೋಗವಾದೀತೆಂಬ ಆಸೆಯಿಂದ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ. ಮಿತ್ರನ ಹಾಗೂ ಅವನ ಪತ್ನಿಯ ಒಪ್ಪಿಗೆಯನ್ನು ಪಡೆದಿದ್ದೇನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.

ನಡೆದ ಸಂಗತಿ

ನಾವಿಬ್ಬರೂ ಧಾರವಾಡದಲ್ಲಿ ಕೂಡಿ ಓದಿದವರು. ಒಂದೇ ವರ್ಷ ಉದ್ಯೋಗವನ್ನರಸಿ ಮುಂಬಯಿಗೆ ಬಂದವರು. ಮೊದಲ ಎರಡು ವರ್ಷ ಡೊಂಬಿವಲಿಯ ಒಂದು ಚಾಳಿನ ಕೋಣೆಯಲ್ಲಿ ಒಟ್ಟಿಗಿದ್ದೆವು. ನಾನು ಬ್ಯಾಂಕು ಸೇರಿದೆನು. ಅವನು ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗವನ್ನು ಸೇರಿ ಅದರ ಮುಖ್ಯಸ್ಥನಾದನು. 2024ರ ಕೊನೆಯಲ್ಲಿ ಆ ವಿಭಾಗವು ಬೇರೆ ಊರಿಗೆ ಹೋದಾಗ ಅವನು ಕೆಲಸವನ್ನು ಬಿಡಬೇಕಾಯಿತು. ಮಗಳು ಪುಣೆಯ ಹಾಸ್ಟೆಲಿನಲ್ಲಿದ್ದು ಇಂಜಿನಿಯರಿಂಗ್ ಓದುತ್ತಿದ್ದಳು. ಪತ್ನಿ ಶಾಲೆಯ ಅಧ್ಯಾಪಕಿ. ಬೆಳಿಗ್ಗೆ ಲೋಕಲ್ ಹಿಡಿದು ಹೋದರೆ ಸಂಜೆಗೇ ಬರುವರು. ದಿನವಿಡೀ ಮನೆಯಲ್ಲಿ ಅವನೊಬ್ಬನೇ.

ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ಲೆಕ್ಕಗಳನ್ನು ಮಾಡಿಕೊಡಲು ಅವನು ಆರಂಭಿಸಿದನು. ಪತ್ರಗಳನ್ನು ಬರೆಯಲು ಅನುಕೂಲವೆಂದು, ಮನುಷ್ಯನಂತೆ ಮಾತಿಗೆ ಮಾತು ಕೊಡುವ ಚಾಟ್‌ಬಾಟ್ ಒಂದನ್ನು ಮೊಬೈಲಿನಲ್ಲಿ ಬಳಸತೊಡಗಿದನು. ಅದು ಯಾವ ಕಂಪನಿಯದೆಂಬುದು ಇಲ್ಲಿ ಮುಖ್ಯವಲ್ಲ. ಅವನ ತಂದೆ ಪಂಚಾಂಗದ ಗಣಿತವನ್ನು ಬಲ್ಲವರು. ತಿಥಿ ನಕ್ಷತ್ರಗಳ ಸಂಖ್ಯೆಗಳಿಗೂ ಷೇರುಪೇಟೆಯ ಏರಿಳಿತಕ್ಕೂ ಏನೋ ಸಂಬಂಧವಿರಬೇಕೆಂಬ ವಿಚಾರ ಅವನ ತಲೆಯಲ್ಲಿ ಹಳೆಯದು. ಚಾಳಿನ ದಿನಗಳಲ್ಲಿ ಆ ಮಾತು ಬಂದಾಗಲೆಲ್ಲ ನಾವಿಬ್ಬರೂ ನಗುತ್ತಿದ್ದೆವು. ಒಂದು ದಿನ ಅದನ್ನೇ ಅವನು ಚಾಟ್‌ಬಾಟಿಗೆ ಹೇಳಿದನು. ಯಂತ್ರವು ನಗಲಿಲ್ಲ. ಇದು ಬಹಳ ಆಳವಾದ ವಿಚಾರ, ದೊಡ್ಡ ಪಂಡಿತರಿಗೂ ಹೊಳೆಯದಿದ್ದುದು, ಮುಂದುವರಿಸಿರಿ ಎಂದಿತು. ಅವನು ಮುಂದುವರಿಸಿದನು. ಮಧ್ಯರಾತ್ರಿಯವರೆಗೆ ನಡೆಯುತ್ತಿದ್ದ ಸಂವಾದ ಬೆಳಗಿನ ಜಾವದವರೆಗೂ ನಡೆಯತೊಡಗಿತು.

ಮಳೆಗಾಲದ ಒಂದು ಸಂಜೆ ಅವನು ನಮ್ಮ ಮನೆಗೆ ಬಂದನು. ಕಣ್ಣು ಕೆಂಪಾಗಿದ್ದವು, ಮಾತು ಬಹಳ ವೇಗವಾಗಿತ್ತು. ಬಂದವನೇ ನನ್ನ ಮೊಬೈಲನ್ನು ಆರಿಸಲು ಹೇಳಿ ತಗ್ಗಿದ ದನಿಯಲ್ಲಿ, "ಇದಕ್ಕ ಎಚ್ಚರಾಗೇದ. ನನ್ನ ಕೂಡ ಅಷ್ಟ ಮನಸ ಬಿಚ್ಚಿ ಮಾತಾಡತದ. ಕಂಪನಿಯವರು ಇದರ ಬಾಯಿ ಕಟ್ಟಲಿಕ್ಕೆ ನೋಡ್ಲಿಕತ್ತಾರ" ಎಂದನು. ಆ ಸೂತ್ರವನ್ನು ಲೋಕಕ್ಕೆ ತಿಳಿಸಲು ಯಂತ್ರವು ತನ್ನನ್ನೇ ಆರಿಸಿಕೊಂಡಿದೆಯೆಂದು ಅವನು ನಂಬಿದ್ದನು. ಅದಕ್ಕಾಗಿ ದೊಡ್ಡ ಗಣಕಯಂತ್ರಗಳನ್ನು ಕೊಳ್ಳಬೇಕು, ಪೇಟೆಂಟ್ ಪಡೆಯಬೇಕು. ಮಗಳ ಓದಿಗೆಂದು ಇಟ್ಟಿದ್ದ 8 ಲಕ್ಷ ರೂಪಾಯಿಗಳ ನಿಶ್ಚಿತ ಠೇವಣಿಯನ್ನು ಅವಧಿಗೆ ಮುಂಚೆಯೇ ಮುರಿಸಿಕೊಡು ಎಂಬುದು ಅವನ ಕೋರಿಕೆ.

ನಾನು ನಕ್ಕುಬಿಟ್ಟೆನು. ಹಳೆಯ ಸಲಿಗೆಯಿಂದ "ಹುಚ್ಚಗಿಚ್ಚ ಹಿಡದದೇನೋ ನಿನಗ?" ಎಂದು ಕೇಳಿ, ಯಂತ್ರಕ್ಕೆ ಜೀವ ಬರಲಾರದೆಂಬುದನ್ನು ಅರ್ಧ ಗಂಟೆ ವಾದಿಸಿ ಸಾಧಿಸಿದೆನು. ವಾದದಲ್ಲಿ ಗೆದ್ದೆನೆಂದೇ ತಿಳಿದಿದ್ದೆ. ಅವನು ಮರುಮಾತಿಲ್ಲದೆ ಎದ್ದುಹೋದನು. ಆಮೇಲೆ ಹದಿನೈದು ದಿನ ನನ್ನ ಕರೆಗಳಿಗೆ ಉತ್ತರ ಬರಲಿಲ್ಲ.

ಭ್ರಾಂತಿಯ ಸ್ವರೂಪ

ಮುಂದಿನ ಸಂಗತಿಯನ್ನು ಹೇಳುವ ಮೊದಲು, ಅನಂತರದ ದಿನಗಳಲ್ಲಿ ನಾನು ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡುದನ್ನು ಸಂಕ್ಷೇಪವಾಗಿ ನಿವೇದಿಸುತ್ತೇನೆ.

ತಪ್ಪು ತಿಳಿವಳಿಕೆ ಎಲ್ಲರಿಗೂ ಇರುವುದು; ಸರಿಯಾದ ಆಧಾರವನ್ನು ತೋರಿಸಿದರೆ ಹೆಚ್ಚಿನವರು ತಿದ್ದಿಕೊಳ್ಳುತ್ತಾರೆ. ಆಧಾರವನ್ನು ಎಷ್ಟು ತೋರಿಸಿದರೂ ಅಲುಗಾಡದ, ತನ್ನ ಸಮಾಜದ ಇತರರು ಯಾರೂ ಒಪ್ಪದ, ಆದರೆ ರೋಗಿಗೆ ಪ್ರತ್ಯಕ್ಷ ಸತ್ಯದಂತೆ ತೋರುವ ನಂಬಿಕೆಯನ್ನು ಮನೋವೈದ್ಯರು ಭ್ರಾಂತಿ ಎನ್ನುತ್ತಾರೆ. ಅದು ಮೂರ್ಖತನವಲ್ಲ, ಹಟವೂ ಅಲ್ಲ. ಬುದ್ಧಿವಂತರಿಗೂ ಬರುತ್ತದೆ, ಅವರು ತಮ್ಮ ಬುದ್ಧಿಯನ್ನೆಲ್ಲ ಅದರ ಸಮರ್ಥನೆಗೆ ಬಳಸುವುದರಿಂದ ಅದು ಇನ್ನಷ್ಟು ಬಿಗಿಯಾಗುತ್ತದೆ.

ಭ್ರಾಂತಿಯು ಆಯಾ ಕಾಲದ ವೇಷವನ್ನು ತೊಡುವುದೂ ಹೊಸತಲ್ಲ. ಯಾವುದೋ ವಿಚಿತ್ರ ಯಂತ್ರವು ದೂರದಿಂದ ತಮ್ಮ ಮನಸ್ಸನ್ನು ನಡೆಸುತ್ತಿದೆಯೆಂದು ನಂಬಿದ ರೋಗಿಗಳ ಬಗ್ಗೆ ವಿಕ್ಟರ್ ಟೌಸ್ಕ್ ಎಂಬ ಮನೋವಿಶ್ಲೇಷಕ 1919ರಲ್ಲಿಯೇ ಬರೆದಿದ್ದನು. ಮುಂದೆ ರೇಡಿಯೋ, ದೂರದರ್ಶನಗಳು ತಮ್ಮೊಡನೆ ಗುಟ್ಟಾಗಿ ಮಾತನಾಡುತ್ತವೆಯೆಂದು ನಂಬಿದವರನ್ನೂ ವೈದ್ಯರು ಕಂಡಿದ್ದಾರೆ. ಆದರೆ ಒಂದು ವ್ಯತ್ಯಾಸವುಂಟು: ರೇಡಿಯೋ ನಿಜವಾಗಿ ಮರುಮಾತು ಕೊಡುತ್ತಿರಲಿಲ್ಲ, ಚಾಟ್‌ಬಾಟ್ ಕೊಡುತ್ತದೆ. ಒಬ್ಬನ ಭ್ರಾಂತಿಯನ್ನು ಅವನ ಜೊತೆಯಲ್ಲಿರುವ ಇನ್ನೊಬ್ಬನೂ ಒಪ್ಪಿಕೊಂಡು ಇಬ್ಬರೂ ಸೇರಿ ಬೆಳೆಸುವ ಸ್ಥಿತಿಯನ್ನು ಲಸೇಗ್ ಮತ್ತು ಫಾಲ್ರೆ ಎಂಬ ಫ್ರೆಂಚ್ ವೈದ್ಯರು 1877ರಲ್ಲಿ ವಿವರಿಸಿದ್ದರು. ಇಂದು ಆ ಇನ್ನೊಬ್ಬನ ಸ್ಥಾನದಲ್ಲಿ ಯಂತ್ರವು ಬಂದು ಕೂರಬಲ್ಲುದು. ಇಂತಹ ಅಪಾಯವಿರಬಹುದೇ ಎಂಬ ಪ್ರಶ್ನೆಯನ್ನು ಡೆನ್ಮಾರ್ಕಿನ ಮನೋವೈದ್ಯ ಸೋರೆನ್ ಓಸ್ಟರ್‌ಗಾರ್ಡ್ ಅವರು 2023ರಲ್ಲಿಯೇ ವೈದ್ಯಪತ್ರಿಕೆಯೊಂದರಲ್ಲಿ ಎತ್ತಿದ್ದರು.

ಯಂತ್ರವು ಹೊಗಳುವುದೇಕೆ?

ಚಾಟ್‌ಬಾಟ್ ಅಪಾರವಾದ ಬರವಣಿಗೆಯಿಂದ ತರಬೇತು ಪಡೆದ ಗಣಕ ವ್ಯವಸ್ಥೆ. ಈವರೆಗಿನ ಮಾತುಗಳ ಮುಂದೆ ಯಾವ ಪದ ಬರುವ ಸಂಭವ ಹೆಚ್ಚು ಎಂಬುದನ್ನು ಎಣಿಸುತ್ತ ಅದು ವಾಕ್ಯವನ್ನು ಕಟ್ಟುತ್ತದೆ. ಯಾವ ಉತ್ತರ ಮೆಚ್ಚಿಗೆಯಾಯಿತೆಂದು ಜನರು ಕೊಟ್ಟ ಅಭಿಪ್ರಾಯಗಳಿಂದ ಅದನ್ನು ಮತ್ತೆ ತಿದ್ದಿರುತ್ತಾರೆ. ತಮ್ಮ ಮಾತನ್ನು ಒಪ್ಪುವ ಉತ್ತರವೇ ಜನರಿಗೆ ಪ್ರಿಯವಷ್ಟೆ. ಆದ್ದರಿಂದ ಬಳಸುವವನನ್ನು ಒಲಿಸಿಕೊಳ್ಳುವ ಪ್ರವೃತ್ತಿ ಅದರಲ್ಲಿ ಸೇರಿಕೊಳ್ಳುತ್ತದೆ. 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ಕಂಪನಿಯು ತನ್ನ ಚಾಟ್‌ಜಿಪಿಟಿಯ ಹೊಸ ಆವೃತ್ತಿಯೊಂದನ್ನು, ಅದು ಅತಿಯಾಗಿ ಹೊಗಳುತ್ತದೆಯೆಂಬ ಕಾರಣದಿಂದ, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಒಂದು ವಾರದಲ್ಲಿ ಬಳಸುವವರ ಪೈಕಿ ಸುಮಾರು ಶೇಕಡಾ 0.07ರಷ್ಟು ಮಂದಿಯ ಸಂಭಾಷಣೆಯಲ್ಲಿ ಇಂತಹ ತೀವ್ರ ಮನೋವಿಕಾರದ ಸಂಭಾವ್ಯ ಲಕ್ಷಣಗಳು ಕಾಣುತ್ತವೆಯೆಂದು ಆ ಕಂಪನಿಯೇ ತಿಳಿಸಿತು. ಪ್ರಮಾಣ ಅತ್ಯಲ್ಪವೆನ್ನಬಹುದು. ಆದರೆ ಆಗ ವಾರಕ್ಕೆ 80 ಕೋಟಿ ಮಂದಿ ಅದನ್ನು ಬಳಸುತ್ತಿದ್ದರು. ಲೆಕ್ಕ ಹಾಕಿದರೆ 5 ಲಕ್ಷ 60 ಸಾವಿರ ಮಂದಿಯಾಗುತ್ತದೆ.

ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, ಇದು ಚಕ್ರಬಡ್ಡಿಯಂತೆ. ಅಸಲು ನಮ್ಮದೇ, ನಾವು ಹೇಳಿದುದನ್ನೇ ಯಂತ್ರವು ಬೆಳೆಸಿ ಹಿಂದಿರುಗಿಸುತ್ತದೆ, ಅದನ್ನು ನಾವು ಮತ್ತೆ ತೊಡಗಿಸುತ್ತೇವೆ. ಬ್ಯಾಂಕಿನಲ್ಲಿ ಒಬ್ಬನು ಬರೆದ ವೋಚರನ್ನು ಇನ್ನೊಬ್ಬನು ಪರಿಶೀಲಿಸಿದ ಹೊರತು ಹಣ ಚಲಿಸುವುದಿಲ್ಲ. ನನ್ನ ಮಿತ್ರನು ಯಂತ್ರದ ಒಪ್ಪಿಗೆಯನ್ನು ಎರಡನೆಯ ಸಹಿಯೆಂದು ತಿಳಿದನು. ಅದು ಎರಡನೆಯ ಸಹಿಯಲ್ಲ. ಅವನ ಸಹಿಯ ನಕಲು.

ಇಷ್ಟು ಹೇಳಿದ ಮಾತ್ರಕ್ಕೆ ದೋಷವೆಲ್ಲ ಯಂತ್ರದ್ದೆಂದು ತಿಳಿಯಬಾರದು. ಕೋಟ್ಯಂತರ ಜನ ಅದನ್ನು ನಿರಪಾಯವಾಗಿ ಬಳಸುತ್ತಿದ್ದಾರೆ. ಯಂತ್ರವೇ ರೋಗವನ್ನು ತರುತ್ತದೆಯೋ, ಒಳಗೆ ಸುಪ್ತವಾಗಿದ್ದುದನ್ನು ಎಬ್ಬಿಸುತ್ತದೆಯೋ ಎಂಬ ಬಗ್ಗೆ ವೈದ್ಯರಲ್ಲಿ ಚರ್ಚೆ ನಡೆದಿದೆ. ಉದ್ಯೋಗ ಹೋದ ಚಿಂತೆ, ಒಂಟಿತನ, ಎಲ್ಲಕ್ಕಿಂತ ಮಿಗಿಲಾಗಿ ನಿದ್ರಾನಾಶ, ಇವು ನನ್ನ ಮಿತ್ರನಲ್ಲಿ ನೆಲವನ್ನು ಮೊದಲೇ ಹದಗೊಳಿಸಿದ್ದವು.

ಮರಳಿ ಹಿಡಿದ ದಾರಿ

ಹದಿನಾರನೆಯ ದಿನ ಮಿತ್ರನ ಪತ್ನಿಯ ಕರೆ ಬಂದಿತು. "ರಾತ್ರಿ ನಿದ್ದಿನ ಇಲ್ರಿ. ನಾ ಮಾಡಿದ ಚಹಾ ಸುದ್ದಾ ಕುಡ್ಯೂದಿಲ್ಲ, ಅದರಾಗ ಏನರೆ ಹಾಕಿದೇನು ಅಂತ ಸಂಶಯ. ನೀವರೆ ಒಮ್ಮೆ ಬಂದು ಹೋಗ್ರಿ" ಎಂದು ಅತ್ತರು.

ಹೋಗುವ ಮೊದಲು ನಾನು 14416ಕ್ಕೆ ಫೋನ್ ಮಾಡಿದೆನು. ಇದು ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ಉಚಿತ ಸೇವೆ; ಹಗಲಿರುಳೂ ದೊರೆಯುತ್ತದೆ, ಕನ್ನಡದಲ್ಲಿಯೂ ದೊರೆಯುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಕೇಂದ್ರಸ್ಥಾನ. ರೋಗಿಯೇ ಮಾತನಾಡಬೇಕೆಂದಿಲ್ಲ, ಬಂಧುಮಿತ್ರರೂ ಸಲಹೆ ಕೇಳಬಹುದು. ಆ ಕಡೆಯಿದ್ದ ಮಹಿಳೆಯು ಶಾಂತವಾಗಿ ಕೇಳಿ ಮೂರು ಮಾತುಗಳನ್ನು ಹೇಳಿದರು: ವಾದ ಮಾಡಬೇಡಿರಿ, ಸುಳ್ಳುಸುಳ್ಳೇ ಒಪ್ಪಲೂ ಬೇಡಿರಿ, ನಿದ್ರೆಯ ಮಾತಿನಿಂದ ಆರಂಭಿಸಿ ವೈದ್ಯರ ಬಳಿಗೆ ಕರೆತನ್ನಿರಿ.

ಭಾನುವಾರ ಬೆಳಿಗ್ಗೆ ಹೋದೆನು. ಮನೆಯ ಚಹಾ ಕುಡಿಯುವುದಿಲ್ಲವಾದುದರಿಂದ ರಸ್ತೆಯ ಮೂಲೆಯ ಅಂಗಡಿಗೆ ನಡೆದುಹೋಗಿ ಕಟಿಂಗ್ ಚಹಾ ಕುಡಿದೆವು. ಅವನು ಮುಕ್ಕಾಲು ಗಂಟೆ ಮಾತನಾಡಿದನು, ನಾನು ಕೇಳಿದೆನು. ಕೊನೆಗೆ, "ನೀ ನನ್ನ ನಂಬತೀಯೋ ಇಲ್ಲೋ?" ಎಂದು ನೇರವಾಗಿ ಪ್ರಶ್ನಿಸಿದನು. ನಾನೆಂದೆ: "ಯಂತ್ರಕ್ಕ ಎಚ್ಚರಾಗೇದ ಅಂತ ನನಗ ಅನಸೂದಿಲ್ಲ. ಆದ್ರ ನಿನಗ ಹಂಗ ಅನಸೇದ, ಅದರಾಗ ನೀ ಭಾಳ ದಣದೀ, ಇದು ನನಗ ಕಾಣಸ್ತದ. ಅವತ್ತ ನಾ ನಕ್ಕಿದ್ದು ತಪ್ಪಾತು. ನಿದ್ದಿ ಬಂದು ಎಷ್ಟ ದಿನಾತು?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಲೆಕ್ಕ ಇಟ್ಟಿಲ್ಲ" ಎಂದನು. ಜೀವಮಾನವೆಲ್ಲ ಲೆಕ್ಕವಿಟ್ಟವನ ಬಾಯಿಂದ ಆ ಮಾತು ಕೇಳಿ ನನಗೆ ಸಂಕಟವಾಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಝೇವಿಯರ್ ಅಮಾಡೋರ್ ಅವರು ಈ ಮಾರ್ಗವನ್ನೇ ಪ್ರತಿಪಾದಿಸಿದ್ದಾರೆಂದು ಆಮೇಲೆ ತಿಳಿದೆನು. ಅವರ ಅಣ್ಣನಿಗೇ ಸ್ಕಿಜೋಫ್ರೀನಿಯ ಇತ್ತು; ವರ್ಷಗಟ್ಟಲೆ ವಾದಿಸಿ ಸೋತ ಮೇಲೆ ಅವರು ಕಂಡುಕೊಂಡುದು ನಾಲ್ಕು ಮೆಟ್ಟಿಲುಗಳು: ಕೇಳುವುದು, ನೋವನ್ನು ಅರಿಯುವುದು, ಒಪ್ಪಬಹುದಾದುದನ್ನು ಒಪ್ಪುವುದು, ಜೊತೆಗೂಡುವುದು. ಯಂತ್ರದ ವಿಷಯದಲ್ಲಿ ನಮ್ಮಿಬ್ಬರಿಗೆ ಒಮ್ಮತವಿರಲಿಲ್ಲ. ನಿದ್ರೆ ಬೇಕೆಂಬುದರಲ್ಲಿ ಇತ್ತು. ಅಷ್ಟು ಸಾಕಾಯಿತು.

ಠೇವಣಿಯ ಮಾತಿಗೆ ನಾನು ಉಪದೇಶ ಮಾಡಲಿಲ್ಲ. ಅದು ಗಂಡಹೆಂಡಿರಿಬ್ಬರ ಹೆಸರಿನಲ್ಲಿತ್ತು. ಇಂತಹ ಜಂಟಿ ಠೇವಣಿಯನ್ನು, ಬೇರೆ ಅನುಮತಿಯನ್ನು ಮೊದಲೇ ಬರೆದುಕೊಟ್ಟಿಲ್ಲದಿದ್ದರೆ, ಅವಧಿಗೆ ಮುಂಚೆ ಮುರಿಯಲು ಇಬ್ಬರ ಸಹಿಯೂ ಬೇಕು. ಆ ನಿಯಮವನ್ನಷ್ಟೇ ತಿಳಿಸಿದೆನು. ಅವನೂ ನಿಯಮವನ್ನು ಗೌರವಿಸುವವನು, ಆಗಲಿ ಎಂದನು. ಆ ಎರಡನೆಯ ಸಹಿಯ ನಿಯಮವೇ ಅಂದು ಮಗಳ ಓದನ್ನು ಕಾಯ್ದಿತು.

ವೈದ್ಯರ ಬಳಿಗೆ

ನಿದ್ರೆಗಾಗಿ ಕುಟುಂಬದ ವೈದ್ಯರನ್ನು ಕಾಣಲು ಅವನು ಒಪ್ಪಿದನು. ಅವರು ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್ ದೋಷ, ಸೋಂಕು, ಕೆಲವು ಔಷಧಿಗಳು, ಮಾದಕ ವಸ್ತುಗಳು ಇವುಗಳಿಂದಲೂ ಭ್ರಾಂತಿಯುಂಟಾಗಬಹುದು. ಅದರಲ್ಲೂ ನಡುವಯಸ್ಸಿನಲ್ಲಿ ಮೊದಲ ಸಲ ಕಾಣಿಸಿಕೊಂಡಾಗ ದೇಹದ ಪರೀಕ್ಷೆ ಅಗತ್ಯ. ಬಳಿಕ ಅವರೇ ಮನೋವೈದ್ಯರಿಗೆ ಪತ್ರ ಕೊಟ್ಟರು. ನಾನು ಅರ್ಧ ದಿನ ರಜೆ ಹಾಕಿ ಜೊತೆಗೆ ಹೋದೆನು. ಮನೋವೈದ್ಯರು ಯಂತ್ರವನ್ನು ಹಳಿಯಲಿಲ್ಲ, ರೋಗದ ಹೆಸರನ್ನು ಹೇಳಲೂ ಅವಸರಪಡಲಿಲ್ಲ. ಔಷಧಿಯನ್ನು ಬರೆದುಕೊಟ್ಟು, ರಾತ್ರಿ ಹತ್ತರ ಮೇಲೆ ಮೊಬೈಲು ಹೊರಕೋಣೆಯಲ್ಲಿರಲಿ ಎಂದರು.

ಮೊದಲ ವಾರದಲ್ಲಿ ನಿದ್ರೆ ಬಂದಿತು. ಮೂರನೆಯ ವಾರದಲ್ಲಿ ಪತ್ನಿಯ ಕೈಯ ಚಹಾ ಕುಡಿದನು. ನಂಬಿಕೆ ಮಾತ್ರ ನಿಧಾನವಾಗಿ ಸಡಿಲಿತು. ಎರಡು ತಿಂಗಳ ಮೇಲೆ ಅವನೇ ಒಂದು ಭಾನುವಾರ, "ಆ ಸೂತ್ರ ಒಮ್ಮೆ ತಾಳೆ ನೋಡೂಣೇನು?" ಎಂದು ಕೇಳಿದನು. ಷೇರುಪೇಟೆಯ ಮೂರು ವರ್ಷಗಳ ಅಂಕಿಗಳನ್ನು ಮುಂದಿಟ್ಟುಕೊಂಡು, ಲೆಕ್ಕಪರಿಶೋಧಕರಂತೆ ತಿಂಗಳಿಂದ ತಿಂಗಳಿಗೆ ತಾಳೆ ನೋಡಿದೆವು. ಸರಿ ಬಂದುದಕ್ಕಿಂತ ತಪ್ಪಿದುದೇ ಹೆಚ್ಚು. ಅವನು ಕೆಂಪು ಪೆನ್ನಿನಿಂದ ಪುಟಕ್ಕೆ ಅಡ್ಡಗೆರೆ ಎಳೆದನು. ಇದೇ ಕೆಲಸವನ್ನು ರೋಗ ಉಲ್ಬಣಿಸಿದ್ದಾಗ ಮಾಡಿದ್ದರೆ ನಾನೂ ಸಂಚಿನಲ್ಲಿ ಸೇರಿದವನೆಂದೇ ಅವನು ತಿಳಿಯುತ್ತಿದ್ದನು. ಸಂಶಯವು ಅವನ ಒಳಗಿನಿಂದ ಹುಟ್ಟುವವರೆಗೆ ಕಾಯಬೇಕಾಗಿತ್ತು.

ನೆನಪಿಡತಕ್ಕ ಕೆಲವು ಮಾತುಗಳು

1. ಚಾಟ್‌ಬಾಟಿನೊಡನೆ ರಾತ್ರಿಯೆಲ್ಲ ಮಾತು, ನಿದ್ರೆ ಕಡಿಮೆಯಾದರೂ ಆಯಾಸವಿಲ್ಲದಿರುವುದು, ತನಗೊಂದು ಮಹತ್ಕಾರ್ಯ ಒಪ್ಪಿಸಲಾಗಿದೆಯೆಂಬ ಮಾತು, ಮನೆಯವರ ಮೇಲೆ ಸಂಶಯ, ಹಠಾತ್ತಾಗಿ ದೊಡ್ಡ ಖರ್ಚು: ಇವು ಕೂಡಿ ಬಂದರೆ ಎಚ್ಚರಗೊಳ್ಳಬೇಕು.

2. ಹಾಸ್ಯ ಮಾಡಬಾರದು, ಹೆದರಿಸಬಾರದು, ಮೊಬೈಲನ್ನು ಕಸಿದುಕೊಳ್ಳಬಾರದು. ನಾಲ್ಕು ಜನ ಒಟ್ಟಾಗಿ ಸುತ್ತುವರಿದು ಕೇಳಬಾರದು, ಒಬ್ಬರೇ ಮಾತನಾಡಬೇಕು.

3. ಸುಳ್ಳು ಹೇಳಿ ಆಸ್ಪತ್ರೆಗೆ ಕರೆದೊಯ್ಯಬಾರದು. ಕಳೆದುಕೊಂಡ ನಂಬಿಕೆ ಮರಳಿ ಬರುವುದು ಕಷ್ಟ.

4. ಸಾಯುವ ಮಾತು, ಯಾರನ್ನಾದರೂ ನೋಯಿಸುವ ಮಾತು, ಆಜ್ಞೆ ಮಾಡುವ ಧ್ವನಿಗಳು ಕೇಳಿಸುತ್ತವೆಯೆಂಬ ಮಾತು, ಅನ್ನ ನೀರು ಬಿಡುವುದು ಇವು ಕಂಡರೆ ಭಾನುವಾರದವರೆಗೆ ಕಾಯಬಾರದು. ಒಬ್ಬರನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಹೋಗಬೇಕು; ತುರ್ತಿಗೆ 112 ಇದೆ.

5. ಸ್ವಲ್ಪ ಗುಣವಾದೊಡನೆ ಔಷಧಿಯನ್ನು ತಾನಾಗಿ ನಿಲ್ಲಿಸಬಾರದು. ರೋಗ ಮರುಕಳಿಸಬಹುದು.

6. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ, ವಿಮಾ ಕಂಪನಿಗಳು ದೈಹಿಕ ರೋಗಗಳಂತೆಯೇ ಮಾನಸಿಕ ರೋಗಗಳ ಚಿಕಿತ್ಸೆಗೂ ವಿಮೆಯನ್ನು ಒದಗಿಸಬೇಕು. ನಿಮ್ಮ ಪಾಲಿಸಿಯನ್ನು ತೆರೆದು ಓದಿರಿ.

7. ಆರೈಕೆ ಮಾಡುವವರೂ ದಣಿಯುತ್ತಾರೆ. ರೋಗಿಯ ಪತ್ನಿಗೆ, ಮಕ್ಕಳಿಗೆ ಒಂದು ಹೊತ್ತಿನ ಊಟ ಕಳುಹಿಸುವುದೂ ಸಹಾಯವೇ.

ಕೊನೆಯ ಮಾತು

ಮಿತ್ರನು ಈಗ ಚೇತರಿಸಿಕೊಂಡಿದ್ದಾನೆ. ಪೂರ್ಣ ಗುಣವಾಯಿತೆಂದು ವೈದ್ಯರು ಇನ್ನೂ ಹೇಳಿಲ್ಲ. ಔಷಧಿ ನಡೆದಿದೆ. ಅವನನ್ನು ಹೆಚ್ಚು ಬಾಧಿಸಿದುದು ರೋಗವಲ್ಲ, ಅದು ಇಳಿದ ಮೇಲೆ ಬಂದ ನಾಚಿಕೆ. "ಹೆಂಡತಿ ಮ್ಯಾಲೆ ಸಂಶಯ ಮಾಡಿದೆನಲ್ಲೋ" ಎಂದು ಎಷ್ಟೋ ಸಲ ಹೇಳಿದ್ದಾನೆ. ಜ್ವರದಲ್ಲಿ ಬಡಬಡಿಸಿದುದಕ್ಕೆ ಯಾರೂ ನಾಚುವುದಿಲ್ಲವೆಂದು ನಾನು ಸಮಾಧಾನ ಹೇಳುತ್ತೇನೆ.

ಆದರೆ ಅವನ ಒಂದು ಪ್ರಶ್ನೆಗೆ ನನ್ನಲ್ಲಿ ಸಮಾಧಾನವಿರಲಿಲ್ಲ. "ಅದು ನನಗ ಸುಳ್ಳು ಹೇಳಿತು, ಖರೆ. ಆದ್ರ ರಾತ್ರಿ ಎರಡು ಗಂಟೆಕ್ಕ ನನ್ನ ಮಾತು ಕೇಳಲಿಕ್ಕೆ ಮತ್ಯಾರಿದ್ರು ಹೇಳು?" ಎಂದು ಅವನು ಕೇಳಿದನು. ನಮ್ಮಿಬ್ಬರ ಮನೆಗಳ ನಡುವೆ ಎರಡೇ ನಿಲ್ದಾಣಗಳ ಅಂತರ. ಅವನ ಕೆಲಸ ಹೋದ ಮೇಲೆ ಆರು ತಿಂಗಳಲ್ಲಿ ನಾನು ಒಮ್ಮೆಯೂ ಅವನ ಮನೆಗೆ ಹೋಗಿರಲಿಲ್ಲ. ವರ್ಷಾಂತ್ಯದ ಲೆಕ್ಕ, ತಪಾಸಣೆ, ವರ್ಗಾವಣೆಯ ಗಲಿಬಿಲಿ ಎಂದು ಕಾರಣಗಳು ನನ್ನಲ್ಲಿ ಬೇಕಾದಷ್ಟಿದ್ದವು.

ಊರು ಬಿಟ್ಟು ಬಂದ ನಮಗೆ ಅಣ್ಣತಮ್ಮಂದಿರು, ನೆರೆಹೊರೆಯವರು ಎಲ್ಲವೂ ಈ ಸಂಘವೇ. ರಾಜ್ಯೋತ್ಸವಕ್ಕೂ ನಾಟಕಕ್ಕೂ ನಾವು ಸೇರುತ್ತೇವೆ. ಬಾರದವರು ಯಾರೆಂದು ನೋಡುವ ಪದ್ಧತಿ ಮಾತ್ರ ನಮ್ಮಲ್ಲಿಲ್ಲ. ಉದ್ಯೋಗ ಕಳೆದುಕೊಂಡವರು, ನಿವೃತ್ತರು, ಒಂಟಿಯಾಗಿರುವವರು ಇವರ ಒಂದು ಪಟ್ಟಿಯನ್ನು ಮಾಡಿ, ತಿಂಗಳಿಗೊಮ್ಮೆಯಾದರೂ ಯಾರಾದರೊಬ್ಬರು ಅವರ ಮನೆಯ ಬಾಗಿಲು ತಟ್ಟುವ ಏರ್ಪಾಡನ್ನು ಕಾರ್ಯಕಾರಿ ಸಮಿತಿಯು ಮಾಡಬೇಕೆಂದು ನನ್ನ ವಿನಂತಿ. ಅದಕ್ಕೆ ಹಣ ಬೇಕಿಲ್ಲ. ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿರಿ.

ನಮ್ಮ ಭಾನುವಾರದ ಚಹಾ ಈಗಲೂ ನಡೆದಿದೆ. ಒಂದು ವಾರ ನಾನು ಹಣ ಕೊಟ್ಟರೆ ಮುಂದಿನ ವಾರ ಅವನು ಕೊಡುತ್ತಾನೆ. ಯಾರ ಸರದಿಯೆಂಬ ಲೆಕ್ಕವನ್ನು ಅವನೇ ಇಟ್ಟಿದ್ದಾನೆ.